ಎರಡನೇ ಗುಮಾಸ್ತರಿಗೊಂದು ವಿಷಯ

ಗುಂಡುಸೂಜಿಯ ಬಗ್ಗೆಯೂ ಯಾರೋ ಆಗಲೇ ಬರೆದುಬಿಟ್ಟಿದ್ದಾರೆ ಎಂದು ತಿಳಿದಾಗ ಎರಡನೇ ಗುಮಾಸ್ತರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಮಂಚದ ಮೇಲೆ ಕುಸಿದು ಕೂತರು.

ಬರೆದವರು ಸುಮ್ಮನೆ ನಾಲ್ಕು ಸಾಲು ಗೀಚಿ ಕೈತೊಳೆದುಕೊಂಡಿರಲಿಲ್ಲ. ಗುಂಡುಸೂಜಿಯ ಹುಟ್ಟು, ಅದರ ಬೆಳವಣಿಗೆ, ಅದರ ತಲೆಯ ಆಕಾರದಲ್ಲಿ ಕಾಲಕಾಲಕ್ಕೆ ಆದ ಬದಲಾವಣೆ, ಮೇಲೆ ಅರವತ್ತಮೂರು ಅಡಿಟಿಪ್ಪಣಿ. ಫೋನಿನ ಪರದೆಯ ಮೇಲೆ ಹೆಬ್ಬೆರಳು ಎಳೆದೂ ಎಳೆದೂ ಬೆರಳು ನೋಯಿತೇ ಹೊರತು ಗುಂಡುಸೂಜಿ ಮುಗಿಯಲಿಲ್ಲ.

"ಏನಾಯ್ತ್ರೀ?" ಎಂದಳು ಹೆಂಡತಿ, ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿ.

"ಗುಂಡುಸೂಜೀನೂ ಹೋಯ್ತು ಕಣೇ."

"ನಿನ್ನೆ ಏಣಿ ಹೋಯ್ತು ಅಂದ್ರಿ, ಮೊನ್ನೆ ಆಕಳಿಕೆ. ಈ ಜನಕ್ಕೆ ಮಾಡೋಕೆ ಬೇರೆ ಕೆಲಸ ಇಲ್ವಾ?"

ಗುಮಾಸ್ತರಿಗೂ ಅದೇ ಅನುಮಾನ. ಎರಡು ವಾರದಿಂದ ಅವರು ಹುಡುಕದ ವಿಷಯವಿಲ್ಲ. ಛತ್ರಿ, ಬೀಗ, ಸೀನು, ಬೋಳುತಲೆ, ಬಾಗಿಲ ಚಿಲಕ, ಎಲ್ಲದರ ಮೇಲೂ ಯಾರೋ ಒಬ್ಬ ಪುಣ್ಯಾತ್ಮ ಮೊದಲೇ ಟವೆಲ್ ಹಾಸಿ ಸೀಟು ಹಿಡಿದು ಕೂತಿದ್ದ.

ವಿಷಯ ಹುಡುಕುವ ಈ ಕರ್ಮ ಅವರಿಗೆ ಯಾಕೆ ಬಂತೆಂದರೆ, ನಗರಸಭೆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರು ಎರಡನೇ ಗುಮಾಸ್ತರು. ಮೂರು ತಿಂಗಳ ಹಿಂದೆ ಹೆಡ್ ಗುಮಾಸ್ತರು ನಿವೃತ್ತರಾಗಿ, ಅವರ ಕೈಯಿರುವ ಕುರ್ಚಿ ಖಾಲಿ ಬಿತ್ತು. ಸಾಹೇಬರು ಕರೆದು, "ನೋಡ್ರೀ, ಕುರ್ಚಿ ನಿಮ್ಮದೇ. ಆದರೆ ಡಿಗ್ರಿ ಬೇಕು. ಈ ವರ್ಷ ತಂದ್ರೆ ಸರಿ, ಇಲ್ಲದಿದ್ರೆ ಹೊರಗಿನಿಂದ ಯಾರನ್ನಾದ್ರೂ ಹಾಕ್ತಾರೆ" ಎಂದಿದ್ದರು. ಗುಮಾಸ್ತರು ಸಂಜೆ ಕಾಲೇಜಿನಲ್ಲಿ ಆರು ವರ್ಷದಿಂದ ಕುಂಟುತ್ತ ಕುಂಟುತ್ತ ಎಲ್ಲ ಪೇಪರು ದಾಟಿದ್ದರು. ಉಳಿದದ್ದು ಒಂದೇ ಒಂದು. ಅದರಲ್ಲಿ ಪರೀಕ್ಷೆಯೂ ಇಲ್ಲ, ಬರೀ ಒಂದು ಪ್ರಾಜೆಕ್ಟು. ಯಾರು ಬೇಕಾದರೂ ಬರೆಯಬಹುದಾದ ಜಾಲತಾಣದ ವಿಶ್ವಕೋಶಕ್ಕೆ ಪ್ರತಿಯೊಬ್ಬರೂ ಒಂದು ಹೊಸ ಲೇಖನ ಸೇರಿಸಬೇಕು.

ಪಾಠ ಮಾಡುವ ಮೇಡಂ ವಯಸ್ಸಿನಲ್ಲಿ ಗುಮಾಸ್ತರ ತಂಗಿಯ ಮಗಳಷ್ಟು. ಆದರೆ ಕಟ್ಟುನಿಟ್ಟಿನಲ್ಲಿ ಅವರ ಅಜ್ಜಿಯಷ್ಟು.

"ಮೂರೇ ನಿಯಮ," ಎಂದಿದ್ದರು ಮೇಡಂ. "ಆ ವಿಷಯದ ಮೇಲೆ ಮೊದಲೇ ಲೇಖನ ಇರಬಾರದು. ವಿಷಯಕ್ಕೆ ಸಂಬಂಧ ಇಲ್ಲದವರು ಅದರ ಬಗ್ಗೆ ಬರೆದಿರೋ, ಅಚ್ಚಾಗಿರೋ ಎರಡು ಆಧಾರ ಬೇಕು. ಮತ್ತೆ ನಿಮ್ಮ ಬಗ್ಗೆ, ನಿಮ್ಮ ನೆಂಟರಿಷ್ಟರ ಬಗ್ಗೆ ನೀವೇ ಬರೆಯೋ ಹಾಗಿಲ್ಲ. ನಿಮಗೆ ಏನು ಗೊತ್ತು ಅನ್ನೋದು ವಿಶ್ವಕೋಶಕ್ಕೆ ಬೇಡ. ಎಲ್ಲಿ ಅಚ್ಚಾಗಿದೆ ಅನ್ನೋದು ಬೇಕು."

ವಿಷಯವನ್ನು ಕ್ಲಾಸಿನ ಗೋಡೆಯ ಪಟ್ಟಿಯಲ್ಲಿ ಬರೆಯಲು ಕೊನೆಯ ಗಡುವು ಇವತ್ತು ಸಂಜೆ ಆರೂವರೆಯ ಬೆಲ್ಲು. ಬರೆಯದವರು ಮುಂದಿನ ವರ್ಷ ಮತ್ತೆ ಬರಬೇಕು. ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತಾರು ಜನ ಬರೆದಾಗಿತ್ತು. ಉಳಿದವರು ಇಬ್ಬರೇ: ಎರಡನೇ ಗುಮಾಸ್ತರು, ಮತ್ತೆ ಅವರ ಪಕ್ಕದ ಬೆಂಚಿನ ನರ್ಸಮ್ಮ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಆಕೆ ಕ್ಲಾಸಿಗೆ ಬರುತ್ತಿದ್ದದ್ದೇ ನಿದ್ದೆ ಮಾಡಲು. ಆಕೆಗೆ ಇಂಥದೊಂದು ಪ್ರಾಜೆಕ್ಟು ಇದೆ ಎಂಬುದಾದರೂ ಗೊತ್ತಿದೆಯೋ ಇಲ್ಲವೋ ಎಂದು ಗುಮಾಸ್ತರು ಮರುಕಪಟ್ಟಿದ್ದರು.

ಅವತ್ತು ಬೆಳಿಗ್ಗೆ ಅವರ ಎಲ್ಲ ಅಂಗಿಗಳೂ ನೀರಲ್ಲಿ ನೆನೆಯುತ್ತಿದ್ದವು. ಉಳಿದಿದ್ದದ್ದು ಗೂಟದಲ್ಲಿ ನೇತಾಡುತ್ತಿದ್ದ ಹೊಸದೊಂದೇ. ಅದನ್ನು ಹೆಂಡತಿ, ಗಂಡ ಹೆಡ್ ಗುಮಾಸ್ತರಾಗುವ ದಿನಕ್ಕೆಂದು ಎರಡು ಜೇಬಿಟ್ಟು ಹೊಲಿದಿದ್ದಳು, ಒಂದು ಪೆನ್ನಿಗೆ, ಒಂದು ಮೊಹರಿಗೆ.

"ಇವತ್ತೇ ಹಾಕ್ಕೊಂಡ್ಬಿಟ್ರೆ ಹೇಗ್ರೀ?"

"ಇವತ್ತು ವಿಷಯ ಸಿಗದಿದ್ರೆ ಇದನ್ನ ಹಾಕೋ ದಿನಾನೇ ಬರಲ್ಲ," ಎಂದು ಗುಮಾಸ್ತರು ಅಂಗಿ ತೊಟ್ಟು ಗಡ್ಡ ಹೆರೆಸಿಕೊಳ್ಳಲು ಹೊರಟರು.

ಅಲ್ಲೇ ಅವರು ಎಡವಿದ್ದು. ಗುಟ್ಟನ್ನು ಎಲ್ಲಿ ಬೇಕಾದರೂ ಬಾಯಿ ಬಿಡಬಹುದು, ಕ್ಷೌರದಂಗಡಿಯಲ್ಲಿ ಮಾತ್ರ ಬಿಡಬಾರದು. ಆದರೆ ಕತ್ತಿಯನ್ನು ಕುತ್ತಿಗೆಗೆ ಹಿಡಿದು "ಏನ್ ಯೋಚ್ನೆ?" ಎಂದು ಕೇಳುವವನ ಮುಂದೆ ಎಷ್ಟು ಹೊತ್ತು ಸುಮ್ಮನಿರುವುದು?

"ಏನ್ ಹೆಡ್ ಗುಮಾಸ್ತರೇ, ಮುಖ ಯಾಕೆ ಹುಳ್ಳಗಿದೆ?" ಎಂದ ಕ್ಷೌರಿಕ. ಅವನು ಪ್ರೀತಿಯಿಂದ ಮೂರು ತಿಂಗಳ ಹಿಂದೆಯೇ ಅವರಿಗೆ ಬಡ್ತಿ ಕೊಟ್ಟುಬಿಟ್ಟಿದ್ದ. ಎಷ್ಟು ತಿದ್ದಿದರೂ ಕೇಳುತ್ತಿರಲಿಲ್ಲ. "ಇವತ್ತಲ್ಲ ನಾಳೆ ಆಗೇ ಆಗ್ತೀರಿ, ಬಿಡಿ" ಎನ್ನುತ್ತಿದ್ದ.

ಗುಮಾಸ್ತರು ನೊರೆಯ ನಡುವಿನಿಂದ ಕತೆ ಹೇಳಿದರು. ಬೆಂಚಿನ ಮೇಲೆ ಪೇಪರು ಓದುತ್ತಿದ್ದ ನಿವೃತ್ತ ಹೆಡ್‌ಮೇಷ್ಟ್ರ ಕಿವಿ ನೆಟ್ಟಗಾಯಿತು. ಮೂರನೇ ಕ್ಲಾಸಿನಲ್ಲಿ ಗುಮಾಸ್ತರ ಕಿವಿ ಹಿಂಡಿದವರು ಇವರೇ.

"ಲೋ, ಆಧಾರ ತಾನೇ ಬೇಕು? ನನ್ನ ಆತ್ಮಕತೆ ಇದೆಯಲ್ಲೋ. ಎರಡು ಸಂಪುಟ. ಎರಡು ಆಧಾರ ಆಯ್ತು. ಬರ್ಕೋ."

"ಅದು ನೀವೇ ಬರೆದಿದ್ದು ಮೇಷ್ಟ್ರೇ. ಬೇರೆಯವರು ಬರೆದಿರಬೇಕು."

"ನನ್ನ ಬಗ್ಗೆ ನನಗಿಂತ ಚೆನ್ನಾಗಿ ಇನ್ಯಾರಿಗೋ ಗೊತ್ತು?"

"ನನ್ನ ಅಂಗಡಿ ಬಗ್ಗೆ ಬರೀರಿ," ಎಂದ ಕ್ಷೌರಿಕ. "ಪೇಪರಲ್ಲಿ ಬಂದಿದೆ. ಹನ್ನೊಂದು ವರ್ಷದ ಹಿಂದೆ ಎದುರುಗಡೆ ಲಾರಿ ಮಗುಚಿದಾಗ ಫೋಟೋದಲ್ಲಿ ಹಿಂದ್ಗಡೆ ನಮ್ಮ ಬೋರ್ಡು ಅರ್ಧ ಕಾಣುತ್ತೆ."

ಗುಮಾಸ್ತರು ನಿಟ್ಟುಸಿರುಬಿಟ್ಟು ಕನ್ನಡಿ ನೋಡಿದರು. ಕನ್ನಡಿಯಲ್ಲಿ ಬೀದಿ ಕಾಣುತ್ತಿತ್ತು. ಬೀದಿಯ ಆಚೆ ಮೂರು ದಾರಿ ಸೇರುವ ಕಡೆ ಆಳೆತ್ತರದ ಕಟ್ಟೆ, ಕಟ್ಟೆಯ ಮೇಲೆ ಕಲ್ಲಿನ ಪ್ರತಿಮೆ. ಎಡಗೈಯಲ್ಲಿ ತೆರೆದ ಪುಸ್ತಕ, ಬಲಗೈಯ ಬೆರಳು ನೇರವಾಗಿ ಕ್ಷೌರದಂಗಡಿಯ ಕಡೆ. ಹುಟ್ಟಿದಾಗಿನಿಂದ ದಿನಕ್ಕೆರಡು ಸಲ ನೋಡಿದ್ದರೂ ಗುಮಾಸ್ತರು ಅದನ್ನು ನೋಡಿದ್ದು ಇವತ್ತೇ ಎನ್ನಬೇಕು.

"ಅಲ್ಲ, ಆ ಪ್ರತಿಮೆ ಯಾರದು?"

ಕ್ಷೌರಿಕ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಪೇಪರಿನ ಮುಖ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಒದ್ದೆ ಕೈಯಲ್ಲೇ ಫೋನು ತೆಗೆದು ಹುಡುಕಿದರು. ವಿಶ್ವಕೋಶಕ್ಕೂ ಗೊತ್ತಿರಲಿಲ್ಲ! ಗುಂಡುಸೂಜಿಯ ತಲೆಯ ವಂಶಾವಳಿ ಬಲ್ಲ ವಿಶ್ವಕೋಶಕ್ಕೆ ಈ ಕಲ್ಲಿನ ತಲೆ ಕಂಡಿರಲಿಲ್ಲ. ಗುಮಾಸ್ತರಿಗೆ ಕುರ್ಚಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು.

"ಅಲ್ಲಾಡಬೇಡಿ, ಕಿವಿ ಹೋದೀತು," ಎಂದ ಕ್ಷೌರಿಕ.

ಮೇಷ್ಟ್ರು ಮನೆಗೆ ಹೋಗಿ ತಮ್ಮ ಕಪಾಟಿನಿಂದ ಒಂದು ಆಧಾರ ತಂದರು. ಹಿಂದೆ ಯಾವುದೋ ವಾಚನಾಲಯದವರು ಅಚ್ಚುಹಾಕಿಸಿದ್ದ ಪುಟ್ಟ ಪುಸ್ತಕ. ಅದರಲ್ಲಿ ಎರಡೇ ಸಾಲು: "ಮೂರು ದಾರಿ ಕೂಡುವಲ್ಲಿ ಒಬ್ಬ ಮಹನೀಯರ ಪ್ರತಿಮೆಯಿದೆ. ಅವರ ಉಪಕಾರವನ್ನು ನಾವು ಎಂದೆಂದಿಗೂ ಮರೆಯಲಾರೆವು." ಮಹನೀಯರ ಹೆಸರನ್ನು ಮಾತ್ರ ಬರೆದವನು ಮರೆತಿದ್ದ.

"ಇನ್ನೊಂದು ಆಧಾರ?"

"ಪ್ರತಿಮೆ ಕೈಲಿ ಪುಸ್ತಕ ಇದೆಯಲ್ಲ," ಎಂದ ಕ್ಷೌರಿಕ. "ಅದರ ಪುಟದಲ್ಲಿ ಏನೋ ಅಕ್ಷರ ಇದೆ ಅಂತ ನಮ್ಮಪ್ಪ ಹೇಳ್ತಿದ್ರು. ಕೆಳಗಿಂದ ಕಾಣಲ್ಲ. ಕಲ್ಲಲ್ಲಿ ಕೆತ್ತಿದ್ದು ಅಂದ್ರೆ ಅಚ್ಚಾದ ಹಾಗೇ ಅಲ್ವಾ? ಏಣಿ ನಾನು ಕೊಡ್ತೀನಿ."

ಗುಮಾಸ್ತರು ಕಚೇರಿಗೆ ಹೋಗಿ ಒಂದು ದಿನದ ರಜೆ ಬರೆದಿಟ್ಟರು. ಲೇಖನಕ್ಕೆ ಎತ್ತರ ಅಗಲ ಬೇಕಾದೀತೆಂದು ಕಾಮಗಾರಿ ವಿಭಾಗದ ಐವತ್ತಡಿಯ ಹಳದಿ ಟೇಪನ್ನೂ ಎತ್ತಿಕೊಂಡರು. ಕೊರಳಲ್ಲಿದ್ದ ನಗರಸಭೆಯ ಗುರುತಿನ ಚೀಟಿಯನ್ನು ತೆಗೆದಿಡಲು ಅವರಿಗೆ ಹೊಳೆಯಲಿಲ್ಲ. ನಗರಸಭೆಯ ಚೀಟಿ ಮತ್ತು ಹಳದಿ ಟೇಪು ಒಟ್ಟಿಗೆ ಬೀದಿಯಲ್ಲಿ ಕಾಣಿಸಿಕೊಂಡರೆ ಅದರ ಅರ್ಥ ಒಂದೇ. ಅದು ಚಿಕ್ಕ ಮಕ್ಕಳಿಗೂ ಗೊತ್ತು.

ಹನ್ನೊಂದು ಗಂಟೆಗೆ ಅವರು ಕಟ್ಟೆಯಿಂದ ರಸ್ತೆಯ ತನಕ ಟೇಪು ಎಳೆದದ್ದನ್ನು ಎದುರು ಮನೆಯ ಮಹಡಿಯಿಂದ ಓನರಮ್ಮ ನೋಡಿದರು. ಗುಮಾಸ್ತರ ಬಾಡಿಗೆ ಮನೆಯ ಒಡತಿ ಅವರೇ. ಅವರ ಕಾಂಪೌಂಡು ಗೋಡೆ ಮೂರಡಿ ರಸ್ತೆಯ ಒಳಗೆ ಬಂದು ನಿಂತು ಇಪ್ಪತ್ತು ವರ್ಷವಾಗಿತ್ತು. ಆ ಇಪ್ಪತ್ತು ವರ್ಷವೂ ಅವರು ಹಳದಿ ಟೇಪಿನ ಕನಸು ಕಂಡು ಬೆಚ್ಚಿ ಎದ್ದವರು.

ಇದೊಂದೂ ಅರಿಯದ ಗುಮಾಸ್ತರು ಏಣಿ ಹತ್ತಿದರು. ಪ್ರತಿಮೆಯ ಹೆಗಲ ಮೇಲೆ ಒಂದು ಕಾಲು ಹಾಕಿ, ಕಲ್ಲಿನ ಕಿವಿಯನ್ನು ಬಿಗಿಯಾಗಿ ಹಿಡಿದು, ಬಗ್ಗಿ ಪುಸ್ತಕದ ಪುಟ ನೋಡಿದರು. ನಿಜವಾಗಿಯೂ ಅಕ್ಷರಗಳಿದ್ದವು! ಪಾರಿವಾಳಗಳು ಬಿಟ್ಟುಹೋದದ್ದನ್ನು ಕರವಸ್ತ್ರದಿಂದ ಒರೆಸಿ ಓದಿದರು.

"ಪ್ರತಿಮೆಯನ್ನು ಹತ್ತಬಾರದು. ಆಜ್ಞೆಯ ಮೇರೆಗೆ."

ಹತ್ತದೆ ಯಾರಾದರೂ ಇದನ್ನು ಓದುವುದು ಹೇಗೆ ಎಂದು ಅವರು ಯೋಚಿಸುತ್ತಿರುವಾಗಲೇ ಕೆಳಗಿನಿಂದ ಕೂಗು ಕೇಳಿತು.

"ಏಣಿ ತೆಗೀರೋ! ಅದು ಹೇಗೆ ಒಡೀತಾನೋ ನಾನೂ ನೋಡ್ತೀನಿ!"

ಗುಮಾಸ್ತರು ಬೆಚ್ಚಿ ತಿರುಗಿದರು. ಕನ್ನಡಕ ಮೂಗಿನಿಂದ ಜಾರಿ ಕೆಳಗೆ ಹಾರಿತು. ಅದೇ ಹೊತ್ತಿಗೆ ಓನರಮ್ಮ ಧರಣಿಗೆಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಕುರ್ಚಿಯ ಒಂದು ಕಾಲು ಕನ್ನಡಕದ ಮೇಲೆಯೇ ಊರಿತು. ಏಣಿ ಆಗಲೇ ನಾಲ್ಕು ಜನರ ಹೆಗಲೇರಿ ಹೊರಟಿತ್ತು.

"ಓನರಮ್ಮ, ನಾನು ಕಣ್ರೀ! ನಿಮ್ಮ ಬಾಡಿಗೆ ಮನೆಯವನು!"

"ಗೊತ್ತು ಕಣಯ್ಯ! ನನ್ನ ಮನೆಯಲ್ಲೇ ಇದ್ಕೊಂಡು ನನ್ನ ಗೋಡೆಗೇ ಟೇಪು ಹಿಡೀತೀಯಾ? ಮೊದಲು ಪ್ರತಿಮೆ ತೆಗೆಯೋದು, ಆಮೇಲೆ ರಸ್ತೆ ಅಗಲ ಮಾಡೋದು, ಆಮೇಲೆ ನನ್ನ ಕಾಂಪೌಂಡು. ನನಗೇನು ಅರ್ಥ ಆಗಲ್ವಾ?"

"ಅಯ್ಯೋ, ಇದು ಕ್ಲಾಸ್ ಪ್ರಾಜೆಕ್ಟು!"

"ನೋಡ್ರಪ್ಪಾ, ಪ್ರಾಜೆಕ್ಟ್ ಅಂತ ಅವನೇ ಒಪ್ಕೊಂಡ!"

ಜನ ಸೇರುವುದಕ್ಕೆ ಹತ್ತು ನಿಮಿಷ ಸಾಕಾಯಿತು. ವಿಶ್ವಕೋಶದ ಸುದ್ದಿ ಕ್ಷೌರದಂಗಡಿಯಿಂದ ಒಂದು ದಾರಿಯಲ್ಲಿ ಬಂತು, ಪ್ರತಿಮೆ ಒಡೆಯುವ ಸುದ್ದಿ ಓನರಮ್ಮನಿಂದ ಇನ್ನೊಂದು ದಾರಿಯಲ್ಲಿ ಬಂತು, ಎರಡೂ ಕಟ್ಟೆಯ ಕೆಳಗೆ ಸೇರಿ ಕಲಸಿಹೋದವು. ಅರ್ಧ ಜನ "ಪ್ರತಿಮೆ ಮುಟ್ಟಬೇಡಿ" ಎಂದು ಕೂಗಿದರೆ ಉಳಿದರ್ಧ "ನಮ್ಮ ಬಗ್ಗೆಯೂ ಬರೀರಿ" ಎಂದು ಕೂಗಿತು. ಗುಮಾಸ್ತರು ಕಲ್ಲಿನ ಕೊರಳನ್ನು ತಬ್ಬಿಕೊಂಡು ಇಬ್ಬರಿಗೂ ತಲೆಯಾಡಿಸಿದರು.

ಮೇಷ್ಟ್ರು ಗುಂಪು ಸೀಳಿಕೊಂಡು ಬಂದರು. "ಲೋ, ನೀನು ಹೇಗೂ ಹತ್ತಿರ ಇದೀಯ. ಆ ಮೂಗು ಸರಿಯಾಗಿ ನೋಡಿ ಹೇಳು. ನನ್ನ ಮೂಗಿನ ಥರಾನೇ ಇಲ್ವಾ? ನಂಗೆ ಮೊದಲಿಂದ ಅನುಮಾನ, ಅದು ನಮ್ಮ ತಾತಂದೇ."

"ನಿಮ್ಮ ತಾತ?" ಓನರಮ್ಮ ಕುರ್ಚಿಯಿಂದ ಎದ್ದರು. "ಆ ಗತ್ತು ನೋಡಿ. ಅದು ನಮ್ಮ ಮಾವನೋರು. ಹಾಗೇ ಬೆರಳು ತೋರಿಸಿಕೊಂಡೇ ಮಾತಾಡ್ತಿದ್ರು. ಹೇಳಯ್ಯ ಮೇಲಿಂದ, ಯಾರ ಮೂಗು?"

ಗುಮಾಸ್ತರು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಮೇಷ್ಟ್ರ ಮೂಗೂ ಕಾಣಲಿಲ್ಲ, ಕಲ್ಲಿನ ಮೂಗೂ ಕಾಣಲಿಲ್ಲ.

"ಪ್ರತಿಮೆಗೆ ಮೂಗೇ ಇಲ್ಲ ಅನ್ಸುತ್ತೆ," ಎಂದುಬಿಟ್ಟರು. ಅದನ್ನು ಕೇಳಿ ಎರಡೂ ಕಡೆಯವರು ಮೊದಲ ಬಾರಿಗೆ ಒಂದಾಗಿ ಅವರನ್ನು ಬೈದರು.

ಆಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಾಹೇಬರು.

"ಏನ್ರೀ, ಯಾರ ಆರ್ಡರ್ ಮೇಲೆ ಪ್ರತಿಮೆ ತೆಗೀತಿದ್ದೀರಿ? ನನ್ನ ಟೇಬಲ್ಲಿಗೆ ಹದಿನೇಳು ಫೋನು ಬಂತು. ನಾನು ರಿಜಿಸ್ಟರ್ ನೋಡಿದೆ, ಆ ವಾರ್ಡಲ್ಲಿ ಪ್ರತಿಮೆಯೇ ಇಲ್ಲ!"

"ಸಾರ್, ನಾನು ಅದರ ಮೇಲೇ ಕೂತಿದ್ದೀನಿ."

"ಇಲ್ಲದೇ ಇರೋದರ ಮೇಲೆ ಹೇಗ್ರೀ ಕೂತಿದ್ದೀರಿ? ಇಳೀರಿ ಮೊದಲು."

ಇಳಿಯಲು ಏಣಿ ಬೇಕು. ಏಣಿ ಬೇಕಾದರೆ ಓನರಮ್ಮ ಒಪ್ಪಬೇಕು. ಓನರಮ್ಮ ಒಪ್ಪಬೇಕಾದರೆ ಗುಮಾಸ್ತರು ಗೋಡೆ ಮುಟ್ಟುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಮುಚ್ಚಳಿಕೆ ಬರೆಯುವ ಹೊಣೆ ಹೊತ್ತ ಮೇಷ್ಟ್ರು ಅದನ್ನು ನಾಲ್ಕು ಸಲ ಹರಿದು ಐದನೇ ಸಲಕ್ಕೆ ತೃಪ್ತರಾದರು. ಅಷ್ಟರಲ್ಲಿ ಮಧ್ಯಾಹ್ನ ಒಂದೂವರೆ ದಾಟಿತ್ತು.

ಆ ನಡುವೆ ತರಕಾರಿ ಚೀಲ ಹಿಡಿದ ಒಂದು ಆಕೃತಿ ಗುಂಪಿನ ಅಂಚಿನಲ್ಲಿ ನಿಂತು ತಲೆಯೆತ್ತಿತು. ಆಕಳಿಕೆಯಿಂದಲೇ ಗುಮಾಸ್ತರು ಗುರುತು ಹಿಡಿದರು. ನರ್ಸಮ್ಮ.

"ಅಣ್ಣಾ, ಇವತ್ತು ಕ್ಲಾಸ್ ಇದ್ಯಾ?" ಎಂದಳು ಕೆಳಗಿನಿಂದ.

"ಇದೆಯಮ್ಮ! ವಿಷಯ ಕೊಡೋಕೆ ಇವತ್ತೇ ಕೊನೆ! ನೀನು ಹುಡುಕಿದ್ಯಾ?"

"ಇಲ್ಲ ಅಣ್ಣಾ. ನಿದ್ದೆ ಮಾಡಿ ಎದ್ದು ನೋಡ್ತೀನಿ," ಎಂದು ಹೊರಟುಹೋದಳು. ಪಾಪ, ಈ ಹುಡುಗಿ ಉದ್ಧಾರವಾಗುವುದಿಲ್ಲ ಎಂದುಕೊಂಡರು ಗುಮಾಸ್ತರು, ಪ್ರತಿಮೆಯ ಹೆಗಲ ಮೇಲೆ ಕೂತು.

ಮುಚ್ಚಳಿಕೆಯ ಕಾಗದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಮೇಲೆ ಬಂತು. ಗುಮಾಸ್ತರು ಓದದೆ ಸಹಿ ಹಾಕಿದರು. ಓದಲು ಕಣ್ಣಾದರೂ ಎಲ್ಲಿತ್ತು? ಏಣಿ ಬಂತು. ಇಳಿಯುವ ಅವಸರದಲ್ಲಿ ಅಂಗಿ ಕಲ್ಲಿನ ಪುಸ್ತಕದ ಮೂಲೆಗೆ ಸಿಕ್ಕಿ ಪರ್ರೆಂದು ಸದ್ದಾಯಿತು. ನೆಲ ಮುಟ್ಟಿ ನೋಡಿಕೊಂಡರೆ ಎರಡು ಜೇಬಿನಲ್ಲಿ ಒಂದು ಮೇಲೆಯೇ ಉಳಿದಿತ್ತು. ಅದರ ಚೂರು ಪ್ರತಿಮೆಯ ಕೈಯಲ್ಲಿ ಪುಟದ ಗುರುತಿನ ಹಾಗೆ ಹಾರಾಡುತ್ತಿತ್ತು.

ಇಳಿದವರಿಗೆ ಅಲ್ಲಿ ಕ್ಯಾಮರಾ ಹಿಡಿದ ಒಬ್ಬಾತ, ನೋಟ್‌ಬುಕ್ ಹಿಡಿದ ಒಬ್ಬಾಕೆ ಮಸುಕು ಮಸುಕಾಗಿ ಕಂಡರು. ಇಬ್ಬರೂ ಕ್ಷೌರಿಕನನ್ನು, ಮೇಷ್ಟ್ರನ್ನು, ಓನರಮ್ಮನನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತಿದ್ದರು. ಗುಮಾಸ್ತರಿಗೆ ಯಾರೊಡನೆಯೂ ಮಾತು ಬೇಕಿರಲಿಲ್ಲ. ಟೇಪು ಸುತ್ತಿಕೊಂಡು ಅಲ್ಲಿಂದ ಕಾಲ್ತೆಗೆದರು.

ಮಧ್ಯಾಹ್ನವೆಲ್ಲ ಅವರು ವಾಚನಾಲಯದಲ್ಲಿ ಹಳೆಯ ಪುಸ್ತಕಗಳನ್ನು ಮೂಗಿಗೆ ತಾಗಿಸಿಕೊಂಡು ತಿರುವಿದರು. ಪ್ರತಿಮೆಯ ಬಗ್ಗೆ ಎಲ್ಲಿಯೂ ಒಂದು ಸೊಲ್ಲಿರಲಿಲ್ಲ. ಆರು ಗಂಟೆಗೆ ಕಾಲೇಜಿನ ಕಡೆ ಕಾಲೆಳೆದುಕೊಂಡು ನಡೆಯುವಾಗ ಅವರ ಕಣ್ಣ ಮುಂದೆ ಆ ಕೈಯಿರುವ ಕುರ್ಚಿ, ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಹೊರಗಿನವನೊಬ್ಬ, ಇಷ್ಟೇ ಕಾಣುತ್ತಿತ್ತು. ಹೆಂಡತಿಗೆ ಏನು ಹೇಳುವುದು? ಅವಳು ಅಕ್ಕನಿಗೆ, ಅಕ್ಕನ ನಾದಿನಿಗೆ, ನಾದಿನಿಯ ಓರಗಿತ್ತಿಗೆ ಆಗಲೇ ಹೇಳಿಯಾಗಿತ್ತು.

ಕಾಲೇಜಿನ ಗೇಟಿನ ಬಳಿ ಪೇಪರಿನ ಅಂಗಡಿ. ಹಗ್ಗಕ್ಕೆ ಎರಡು ಸಂಜೆ ಪತ್ರಿಕೆಗಳನ್ನು ನೇತುಹಾಕಿದ್ದರು. ಗುಮಾಸ್ತರು ಅವುಗಳನ್ನು ದಾಟಿ ಹೋದವರು ಗಕ್ಕನೆ ನಿಂತು ಹಿಂದಕ್ಕೆ ಬಂದರು. ಮಸುಕಾಗಿದ್ದರೂ ಆ ಆಕಾರ ತಪ್ಪುವ ಹಾಗಿರಲಿಲ್ಲ. ಕಟ್ಟೆ, ಪುಸ್ತಕ, ಚಾಚಿದ ಬೆರಳು. ಒಂದರಲ್ಲಿ ನಾಲ್ಕು ಅಂಕಣದ ಫೋಟೋ, ಇನ್ನೊಂದರಲ್ಲಿ ಐದು. ಪ್ರತಿಮೆ! ಅಚ್ಚಾದದ್ದು! ಬೇರೆಯವರು ಬರೆದದ್ದು! ಒಂದಲ್ಲ, ಎರಡು!

ಎರಡನ್ನೂ ಕೊಂಡು, ಓದಲಾಗದಿದ್ದರೂ ಎದೆಗೊತ್ತಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಕ್ಲಾಸಿಗೆ ನುಗ್ಗಿದರು. ಗೋಡೆಯ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ "ಮೂರು ದಾರಿಯ ಪ್ರತಿಮೆ" ಎಂದು ಬರೆದು, ಮೇಷ್ಟ್ರ ಪುಟ್ಟ ಪುಸ್ತಕದ ಜೊತೆ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದರು.

"ಮೇಡಂ, ಹತ್ತು ನಿಮಿಷ ಮೊದಲೇ ಬಂದಿದ್ದೀನಿ. ಎರಡು ಬೇಕಿತ್ತು, ಮೂರು ಆಧಾರ. ನೋಡ್ಕೊಳ್ಳಿ!"

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ನರ್ಸಮ್ಮ ಮಾತ್ರ ಬೆಂಚಿಗೆ ಕೆನ್ನೆಯೊತ್ತಿ ಹಾಯಾಗಿ ಮಲಗಿದ್ದಳು. ಮೇಡಂ ಪತ್ರಿಕೆ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"'ಎರಡೂವರೆ ಗಂಟೆ ಗಾಳಿಯಲ್ಲಿ ಗುಮಾಸ್ತ! ಹೆಡ್ ಗುಮಾಸ್ತರೊಬ್ಬರು ಇಂದು ಪ್ರತಿಮೆಯೊಂದರ ಹೆಗಲೇರಿ ಕುಳಿತು ಸಂಚಲನ ಮೂಡಿಸಿದರು. ಇವರು ಮೂರನೇ ತರಗತಿಯಲ್ಲೇ ಮರ ಹತ್ತುತ್ತಿದ್ದರೆಂದು ಇವರ ಬಾಲ್ಯದ ಗುರುಗಳು ಸ್ಮರಿಸಿದ್ದಾರೆ...'"

ಗುಮಾಸ್ತರು ಮೇಜಿನ ಮೇಲೆ ಬಗ್ಗಿದರು. "ಮೇಡಂ, ಪ್ರತಿಮೆ ಬಗ್ಗೆ ಓದಿ."

ಮೇಡಂ ಮೇಲಿಂದ ಕೆಳಗೆ ಕಣ್ಣಾಡಿಸಿದರು. "ಪ್ರತಿಮೆ ಬಗ್ಗೆ 'ಪ್ರತಿಮೆಯೊಂದರ' ಅಂತಷ್ಟೇ ಇದೆ. ಉಳಿದಿದ್ದೆಲ್ಲ ನಿಮ್ಮ ಬಗ್ಗೆ." ಇನ್ನೊಂದನ್ನು ಎತ್ತಿಕೊಂಡರು. "ಇದರಲ್ಲೂ ನೀವೇ. ನಿಮ್ಮ ವಯಸ್ಸು, ನಿಮ್ಮ ಅಂಗಿ, ನಿಮ್ಮ ಸ್ವಭಾವ. 'ಮನುಷ್ಯ ಒಳ್ಳೆಯವನೇ, ನಲ್ಲಿ ಮಾತ್ರ ಸರಿಯಾಗಿ ನಿಲ್ಲಿಸುವುದಿಲ್ಲ, ಎಂದು ಮನೆಯ ಒಡತಿ ತಿಳಿಸಿದರು.'"

"ಫೋಟೋ ಇದೆಯಲ್ಲ ಮೇಡಂ!"

"ಫೋಟೋದ ಕೆಳಗೆ 'ಗುಮಾಸ್ತರು, ಮೇಲೆ ಕುಳಿತವರು' ಅಂತ ಹಾಕಿದ್ದಾರೆ. ಸಾರಿ ಸರ್. ಪ್ರತಿಮೆಗೆ ಇರೋದು ನಿಮ್ಮ ಆ ಪುಟ್ಟ ಪುಸ್ತಕದ ಎರಡು ಸಾಲು ಮಾತ್ರ. ಎರಡು ಸ್ವತಂತ್ರ ಆಧಾರ ಇರೋದು ನಿಮಗೆ."

"ಹಾಗಾದ್ರೆ ನನ್ನ ಬಗ್ಗೇನೇ..."

"ಮೂರನೇ ನಿಯಮ," ಎಂದರು ಮೇಡಂ ಮೆತ್ತಗೆ.

ಪಟ್ಟಿಯ ಮೇಲಿನ "ಮೂರು ದಾರಿಯ ಪ್ರತಿಮೆ" ಎಂಬುದರ ಮೇಲೆ ಒಂದು ಗೆರೆ ಬಿತ್ತು. ಗಡಿಯಾರದಲ್ಲಿ ಇನ್ನೂ ಐದು ನಿಮಿಷ. ಗುಮಾಸ್ತರು ಹುಚ್ಚು ಹಿಡಿದವರ ಹಾಗೆ ಕೂಗತೊಡಗಿದರು. "ಬಕೆಟ್ಟು!" "ಇದೆ," ಎಂದರು ಮೇಡಂ ಫೋನು ನೋಡಿ. "ಪಾರಿವಾಳ!" "ಇದೆ." "ಮುಚ್ಚಳಿಕೆ!" "ಅದೂ ಇದೆ." "ಪ್ಲಾಸ್ಟಿಕ್ ಕುರ್ಚಿ!" "ಹದಿನೆಂಟು ಭಾಷೇಲಿದೆ ಸರ್."

ಈ ಗದ್ದಲಕ್ಕೆ ನರ್ಸಮ್ಮನಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು, ಮೇಜಿನ ಮೇಲಿನ ಪತ್ರಿಕೆ ನೋಡಿದಳು, ಗುಮಾಸ್ತರನ್ನು ನೋಡಿದಳು, ಕೈಯೆತ್ತಿದಳು.

"ಮೇಡಂ, ನಂಗೂ ವಿಷಯ ಸಿಕ್ಕಿಲ್ಲ. ನಾನು ಇವರನ್ನ ತಗೋಬಹುದಾ?"

ಮೇಡಂ ಬೆರಳು ಮಡಿಚಿ ಎಣಿಸಿದರು. "ಲೇಖನ ಇಲ್ಲ. ಎರಡು ಆಧಾರ ಇದೆ. ನೀವು ಅವರಲ್ಲ. ತಗೋಬಹುದಮ್ಮ."

"ಆಗಲ್ಲ!" ಗುಮಾಸ್ತರು ಮೇಜು ಗುದ್ದಿದರು. "ಇವಳು ನನ್ನನ್ನ ಅಣ್ಣಾ ಅಂತಾಳೆ! ನೆಂಟರ ಬಗ್ಗೆ ಬರೆಯೋ ಹಾಗಿಲ್ಲ!"

"ಇನ್ಮೇಲೆ ಸರ್ ಅಂತೀನಿ ಮೇಡಂ," ಎಂದಳು ನರ್ಸಮ್ಮ. ಎದ್ದು ಹೋಗಿ ಪಟ್ಟಿಯಲ್ಲಿ, ಗೆರೆ ಬಿದ್ದ ಪ್ರತಿಮೆಯ ಕೆಳಗೆ, ಮುತ್ತಿನಂಥ ಅಕ್ಷರದಲ್ಲಿ ಗುಮಾಸ್ತರ ಹೆಸರು ಬರೆದಳು. ಬೆಲ್ಲು ಹೊಡೆಯಿತು.

ಕ್ಲಾಸು ಮುಗಿಯುವಷ್ಟರಲ್ಲಿ ಆಕೆ ಮೊದಲ ಸಾಲು ಬರೆದೂ ಆಗಿತ್ತು. ಅಷ್ಟು ಚುರುಕು ಅವಳಲ್ಲಿ ಎಲ್ಲಿ ಅಡಗಿತ್ತೋ!

"ಸರ್, ಕೇಳಿ. 'ಇವರು ನಗರಸಭೆಯ ಹೆಡ್ ಗುಮಾಸ್ತರು.' ಸರಿ ಇದ್ಯಾ?"

"ಹೆಡ್ ಅಲ್ಲಮ್ಮ, ಎರಡನೇ ಗುಮಾಸ್ತ. ಅದು ಆ ಕ್ಷೌರದವನು ಬಾಯಿಗೆ ಬಂದ ಹಾಗೆ ಹೇಳಿದ್ದು. ತಿದ್ದಿಬಿಡು."

ನರ್ಸಮ್ಮ ಮೇಡಂ ಮುಖ ನೋಡಿದಳು. ಮೇಡಂ ಕೇಳಿದರು, "ಎರಡನೇ ಅನ್ನೋದಕ್ಕೆ ಆಧಾರ ಇದೆಯಾ ಸರ್?"

"ನಾನೇ ಹೇಳ್ತಿದ್ದೀನಲ್ಲ!"

"ನೀವು ಹೇಳಿದ್ದು ಬರೋದಿಲ್ಲ."

ಗುಮಾಸ್ತರು ಕೊರಳಿನ ಗುರುತಿನ ಚೀಟಿ ಹಿಡಿದು ತೋರಿಸಿದರು.

"ಅದು ನಿಮ್ಮ ಆಫೀಸಿನೋರೇ ಕೊಟ್ಟಿದ್ದು, ಸ್ವತಂತ್ರ ಆಧಾರ ಅಲ್ಲ," ಎಂದರು ಮೇಡಂ. "ಎರಡು ಪತ್ರಿಕೇಲೂ ಹೆಡ್ ಗುಮಾಸ್ತ ಅಂತಾನೇ ಅಚ್ಚಾಗಿದೆ. ಅದೇ ಇರಲಿ ಬಿಡಿ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಗಂಡನ ಮುಖದ ಮೇಲೆ ಕನ್ನಡಕವಿಲ್ಲ, ಅಂಗಿಯ ಮೇಲೆ ಒಂದೇ ಜೇಬು. ಅದನ್ನೆಲ್ಲ ಆಮೇಲೆ ವಿಚಾರಿಸಿಕೊಂಡರಾಯಿತು ಎಂದುಕೊಂಡು ಮುಖ್ಯವಾದದ್ದನ್ನು ಮೊದಲು ಕೇಳಿದಳು.

"ವಿಷಯ ಸಿಕ್ತೇನ್ರೀ?"

"ಸಿಕ್ತು."

"ಅಬ್ಬ, ದೇವರು ದೊಡ್ಡವನು! ಯಾವುದು?"

"ನಾನೇ."

ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ಆದರೂ ಮುಖ ಅರಳಿತು. "ಗುಂಡುಸೂಜಿ ಪಕ್ಕದಲ್ಲಿ ನೀವೂ ಬರ್ತೀರಾ? ಹಾಗಾದ್ರೆ ಪಾಸಾದ ಹಾಗೇ ಅಲ್ವಾ?"

"ಹೂಂ," ಎಂದರು ಎರಡನೇ ಗುಮಾಸ್ತರು, ಅಂಗಿಯನ್ನು ಗೂಟಕ್ಕೆ ಹಾಕುತ್ತ. "ನರ್ಸಮ್ಮ ಪಾಸು."